ಮೇಲೆ ಒತ್ತುವ ಕೈ

ಬಿಬವೇವಾಡಿಯ ನಮ್ಮ ಸೊಸೈಟಿಯಲ್ಲಿ ನರ್ಮದಾ ವೈನಿಯ ಬಾಗಿಲು ತಟ್ಟದ ಹೆಂಗಸರಿಲ್ಲ. ಸೀರೆಗೆ ಫಾಲ್ ಹಚ್ಚುವುದು, ಪಿಕೋ ಮಾಡುವುದು, ಬಿಗಿಯಾದ ಬ್ಲೌಸು ಬಿಡಿಸಿ ಕೊಡುವುದು ಅವರ ಕೆಲಸ. ಧಾರವಾಡದಿಂದ ಮದುವೆಯಾಗಿ ಬಂದಾಗ ಮರಾಠಿಯಲ್ಲಿ ಹೋ, ನಾಹೀ ಅನ್ನುವುದು ಬಿಟ್ಟರೆ ಬೇರೆ ಬರುತ್ತಿರಲಿಲ್ಲವಂತೆ. ಈಗ ಅವರು ತರಕಾರಿ ಗಾಡಿಯ ಮುಂದೆ ನಿಂತು ಬಾಯಿ ತೆಗೆದರೆ ಗಾಡಿಯವನು ತಾನಾಗಿಯೇ ಒಂದು ಹಿಡಿ ಕೊತ್ತಂಬರಿ ಮೇಲೆ ಹಾಕುತ್ತಾನೆ. ಅವರ ದನಿ ಅಂಥದ್ದು. ಮೂರನೇ ಮಹಡಿಯ ಅಡುಗೆಮನೆಯಿಂದ ಮಗಳನ್ನು ಕರೆದರೆ ಗೇಟಿನ ವಾಚ್‌ಮನ್ ಎದ್ದು ನಿಲ್ಲುತ್ತಿದ್ದ.

ಇಂಥವರ ಬಗ್ಗೆ ಬರೆಯುವುದಕ್ಕೇನಿದೆ ಎಂದು ಯಾರಾದರೂ ಕೇಳಿದರೆ ನಾನೂ ಏನಿಲ್ಲ ಎನ್ನುತ್ತಿದ್ದೆ. ನಾನು ಮಧುಕರ್, ಅವರ ಎದುರು ಮನೆಯವನು; ನನಗೆ ಅವರು ವೈನಿ ಅಂದರೆ ಅತ್ತಿಗೆ, ಅವರಿಗೆ ನಾನು ಭಾವಜೀ, ಕರೆಯುವುದಷ್ಟೇ, ನೆಂಟಸ್ತನವಿಲ್ಲ. ಕೋರ್ಟಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಕಟಕಟೆಯಲ್ಲಿ ನಿಂತು ದೇವರಾಣೆ ಮಾಡಿ ಸುಳ್ಳು ಹೇಳುವವರನ್ನು ಇಡೀ ಆಯುಷ್ಯ ನೋಡಿದ್ದರಿಂದ ಯಾರ ಮಾತನ್ನೂ ಸುಲಭಕ್ಕೆ ನಂಬದ ಚಟ ನನಗೆ ಅಂಟಿದೆ. ದೆವ್ವ, ಗಾಳಿ, ಮಾಟ ಇವೆಲ್ಲ ನನ್ನ ಮುಂದೆ ನಡೆಯುವುದಿಲ್ಲ. ಈಗ ಹೇಳುವುದನ್ನು ಮಾತ್ರ ನಾನು ಕಣ್ಣಾರೆ ನೋಡಿದ್ದೇನೆ, ಮತ್ತು ನನಗೆ ಇನ್ನೂ ಸರಿಯಾಗಿ ನಿದ್ದೆ ಬರುವುದಿಲ್ಲ.

ವೈನಿಯ ಗಂಡ ಲೋಕನಾಥ ಭೋಸರಿಯ ಒಂದು ಕಾರ್ಖಾನೆಯಲ್ಲಿ ಮೆಂಟೆನನ್ಸ್ ವಿಭಾಗದಲ್ಲಿದ್ದ. ನಿವೃತ್ತನಾದ ಮೇಲೆ ಎಲ್ಲರೂ ಗಾಣಗಾಪುರಕ್ಕೆ, ಪಂಢರಪುರಕ್ಕೆ ಹೋದರೆ ಇವನು ಪರದೇಶದಿಂದ ನಕ್ಷೆ ತರಿಸಿ ವಿಮಾನ ಕಟ್ಟಲು ಕೂತ. ಆಟಿಕೆಯಲ್ಲ, ಇಬ್ಬರು ಕೂತು ಹಾರುವ ನಿಜವಾದ ವಿಮಾನ. ಸಾಸವಡದ ಹತ್ತಿರ ಕೋಳಿ ಸಾಕುವುದನ್ನು ನಿಲ್ಲಿಸಿದ್ದ ಒಂದು ತಗಡಿನ ಶೆಡ್ಡನ್ನು ಬಾಡಿಗೆಗೆ ಹಿಡಿದ. ಕೋಳಿ ಹೋಗಿದ್ದವು, ವಾಸನೆ ಹೋಗಿರಲಿಲ್ಲ. ರೆಕ್ಕೆಯ ಕಟ್ಟಿಗೆ ಅಸ್ಥಿಪಂಜರದ ಮೇಲೆ ಬಟ್ಟೆ ಎಳೆದು ಹೊಲಿದದ್ದು ವೈನಿಯೇ. ಉದ್ದ ಸೂಜಿಯಲ್ಲಿ ಮೇಣ ಹಚ್ಚಿದ ದಾರ ಹಾಕಿ, ಹೊಲಿಗೆ ಹೊಲಿಗೆಗೂ ಗಂಟು ಹಾಕಿ, ಎರಡು ಬೇಸಿಗೆ ಆ ತಗಡಿನ ಕೆಳಗೆ ಕೂತು ಮುಗಿಸಿದರು. ತಾವು ಮಾತ್ರ ವಿಮಾನ ಹತ್ತಿದವರಲ್ಲ.

ವಿಮಾನವನ್ನು ಮೊದಲ ಸಲ ಹಾರಿಸುವವಳು ಮಗಳು ಶರ್ವರಿ ಎಂದು ಮೊದಲೇ ನಿಶ್ಚಯವಾಗಿತ್ತು. ಬಾರಾಮತಿಯಲ್ಲಿ ಹಾರಲು ಕಲಿತು, ಈಗ ಒಂದು ಖಾಸಗಿ ಕಂಪನಿಯ ಸಣ್ಣ ವಿಮಾನಗಳನ್ನು ಹಾರಿಸುವ ಹುಡುಗಿ. ಮಾತು ಕಡಿಮೆ, ಕೆಲಸ ಚೊಕ್ಕ. ಮನೆಯಲ್ಲಿ ಅವಳು ಶರೂ.

ಎಂಜಿನ್ನು ಕೂತಿತು, ಗಾಲಿ ಕೂತವು, ಬಣ್ಣ ಆಯಿತು. ಲೋಕನಾಥ ಸಿಕ್ಕಿಬಿದ್ದದ್ದು ಸ್ವಿಚ್ಚುಗಳಲ್ಲಿ. ತಪ್ಕೀರ ಗಲ್ಲಿಯ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯವರು ಅವನು ಬರುವುದು ಕಂಡರೆ ಚಹಾ ಕುಡಿಯಲು ಎದ್ದು ಹೋಗುತ್ತಿದ್ದರು. ಚೀಲದ ತುಂಬ ಸ್ವಿಚ್ಚು ತಂದು ಊಟದ ಮೇಜಿನ ಮೇಲೆ ಸುರುವಿ, ಒಂದೊಂದನ್ನೂ ಗರಗಸದಿಂದ ಸೀಳಿ ಒಳಗೆ ನೋಡುತ್ತಿದ್ದ. ಮನೆಯ ಸ್ವಿಚ್ಚು ಬ್ಯಾಟರಿಯ ಕರೆಂಟಿಗೆ ಆಗುವುದಿಲ್ಲವಂತೆ. ಒಳಗಿನ ಕಿಡಿ ಬೇಗ ಆರದೆ ತಾಮ್ರವೇ ಕರಗಿ ಅಂಟಿಕೊಂಡುಬಿಡುತ್ತದಂತೆ, ಆಮೇಲೆ ಬಂದ್ ಮಾಡಿದರೂ ಬಂದ್ ಆಗುವುದಿಲ್ಲವಂತೆ. ವೈನಿ ಅನ್ನದ ಪಾತ್ರೆ ಇಡಲು ಜಾಗ ಹುಡುಕುತ್ತಿದ್ದರು.

"ಗಟ್ಟಿ ಇದ್ರ ಸಾಲಂಗಿಲ್ಲ ಮಧ್ಯಾ. ಹೊಗಿ ತುಂಬ್ತು ಅಂದ್ರ ಕಣ್ಣು ಕಾಣಂಗಿಲ್ಲ. ಯಾವುದು ಯಾವುದು ಅಂತ ಬೆರಳಿಗೆ ಗೊತ್ತಾಗಬೇಕು" ಎಂದು ನನಗೆ ಹೇಳುತ್ತಿದ್ದ.

ಅದಕ್ಕಾಗಿ ದೀಪದ್ದಕ್ಕೆ ದುಂಡು ತಲೆ, ಪೆಟ್ರೋಲ್ ಪಂಪಿನದಕ್ಕೆ ಚಪ್ಪಟೆ ತಲೆ, ಇಡೀ ವಿಮಾನಕ್ಕೆ ಕರೆಂಟು ಕೊಡುವ ಮುಖ್ಯ ಸ್ವಿಚ್ಚಿಗೆ ಹೆಬ್ಬೆರಳಷ್ಟು ದಪ್ಪನೆಯ ಕಡ್ಡಿ ಎಂದು ಆರಿಸಿ, ವಿಮಾನದ ಮುಂದಿನ ಹಲಗೆಯಲ್ಲಿ ಕೂರಿಸಿದ. ಇಲ್ಲೊಂದು ತೊಡಕಿದೆ. ನಮ್ಮ ಮನೆಗಳಲ್ಲಿ ಬಟನ್ ಕೆಳಗೆ ಒತ್ತಿದರೆ ದೀಪ ಹತ್ತುತ್ತದೆ, ಮೇಲೆ ಒತ್ತಿದರೆ ಆರುತ್ತದೆ. ವಿಮಾನದಲ್ಲಿ ಉಲ್ಟಾ: ಕಡ್ಡಿ ಮೇಲಿದ್ದರೆ ಚಾಲೂ, ಕೆಳಗೆ ಒತ್ತಿದರೆ ಬಂದ್. ಹೊಗೆ ಬಂದ ಕ್ಷಣ ಮುಖ್ಯ ಸ್ವಿಚ್ಚನ್ನು ಕೆಳಗೆ ಒತ್ತಬೇಕು. ಮನೆಯ ಅಭ್ಯಾಸದಿಂದ ಮೇಲೆ ಒತ್ತಿದರೆ, ಮೇಲಿದ್ದದ್ದು ಮೇಲೆಯೇ ಉಳಿಯುತ್ತದೆ. ಬಂದ್ ಮಾಡಿದೆ ಅಂದುಕೊಂಡೇ ಸುಟ್ಟುಹೋಗಬಹುದು.

ಲೋಕನಾಥ ಪರೀಕ್ಷೆ ಶುರು ಮಾಡಿದ. ಕಡ್ಡಿಯ ಅಡಿಭಾಗಕ್ಕೆ ವೈನಿಯ ಕಾಡಿಗೆ ಸವರುತ್ತಿದ್ದ. ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸಿ ಒಮ್ಮೆಲೇ ಹೊಗೆ ಎಂದು ಕೂಗುತ್ತಿದ್ದ. ಮೇಲೆ ಒತ್ತಿದವರ ಹೆಬ್ಬೆರಳು ಕಪ್ಪಾಗುತ್ತಿತ್ತು. ಮೊದಲು ನನ್ನನ್ನು ಕೂರಿಸಿದ. ನಾನು ಠೀವಿಯಿಂದ ಒತ್ತಿ ಬಟ್ಟೆ ಬಿಚ್ಚಿದೆ, ನೋಡಿದರೆ ಹೆಬ್ಬೆರಳು ಮಸಿ.

"ನೀ ಸತ್ತಿ. ಇಳಿ ಕೆಳಗ" ಎಂದ ಲೋಕನಾಥ.

ಶರ್ವರಿಯ ಕೈ ಕಲಿತ ಕೈ. ಎಷ್ಟು ಸಲ ಕೂಗಿದರೂ ತೊಡೆಯ ಮೇಲಿಂದ ನೇರ ಹಲಗೆಗೆ ಹೋಗಿ, ಕಡ್ಡಿ ಹುಡುಕಿ, ಟಕ್ ಎಂದು ಕೆಳಗೆ. ಅಪ್ಪನಿಗೆ ಹೆಮ್ಮೆ. ನನಗೆ ಸ್ವಲ್ಪ ಹೊಟ್ಟೆಕಿಚ್ಚು.

ಅಷ್ಟರಲ್ಲಿ ವೈನಿ ಅವಲಕ್ಕಿಯ ಡಬ್ಬಿ ಹಿಡಿದು ಶೆಡ್ಡಿನ ಬಾಗಿಲಿಗೆ ಬಂದರು. ಸುಡುವ ಮಧ್ಯಾಹ್ನ. ಲೋಕನಾಥನಿಗೆ ಉಮೇದು ಬಂತು. "ನಾ ಕೂಗಿದ್ರ ಅಕಿಗೆ ಹೆದರಿಕಿನs ಆಗವಲ್ದು. ನೀ ಒಮ್ಮೆ ಕೂಗು ನೋಡೋಣ, ಖರೇನ ಬೆಂಕಿ ಹತ್ತಿದ್ಹಂಗ" ಎಂದ. ವೈನಿ ನಕ್ಕು, ಡಬ್ಬಿ ಕೆಳಗಿಟ್ಟು, ಬಾಗಿಲಲ್ಲೇ ನಿಂತು ಕೂಗಿದರು.

"ಶರೂ!"

ವಿಮಾನದ ಬಾಲ ಬಾಗಿಲ ಕಡೆಗಿತ್ತು. ಹೊರಗಿನ ಬಿಸಿಲಿನಿಂದ ಬಂದ ವೈನಿಗೆ ಒಳಗಿನ ಕತ್ತಲಲ್ಲಿ ಮಗಳ ತಲೆಯ ಹಿಂಭಾಗ ಮಾತ್ರ ಕಾಣುತ್ತಿತ್ತು. ನಾನೂ ಲೋಕನಾಥನೂ ಪಕ್ಕದಲ್ಲಿ ನಿಂತು ಒಳಗೆ ಇಣುಕುತ್ತಿದ್ದೆವು. ಶರ್ವರಿಯ ಬಲಗೈ ತೊಡೆಯಿಂದ ಎದ್ದಿತು. ಹಲಗೆಗೆ ಬರಲಿಲ್ಲ. ಹಲಗೆಯನ್ನು ದಾಟಿ ಮೇಲಕ್ಕೆ ಹೋಯಿತು, ಅವಳ ಹಣೆಗಿಂತ ಮೇಲೆ, ಏನೂ ಇಲ್ಲದ ಗಾಳಿಯಲ್ಲಿ. ಬೆರಳುಗಳು ಸೆಟೆದು ಏನನ್ನೋ ತಡಕಾಡಿದವು. ಕುತ್ತಿಗೆ ಉದ್ದವಾಯಿತು. ಕೂತಲ್ಲೇ ಅವಳ ಹಿಮ್ಮಡಿಗಳು ನೆಲ ಬಿಟ್ಟು ಎದ್ದವು, ಪಾದಗಳು ಬೆರಳ ತುದಿಯ ಮೇಲೆ ನಿಂತವು. ಆಮೇಲೆ ಕೈ ನಿಧಾನವಾಗಿ ಇಳಿದು, ದಪ್ಪ ಕಡ್ಡಿಯನ್ನು ಹುಡುಕಿ, ಮೇಲಕ್ಕೆ ಒತ್ತಿತು. ಮೊದಲೇ ಮೇಲಿದ್ದ ಕಡ್ಡಿ ಇನ್ನೆಲ್ಲಿಗೆ ಹೋಗಬೇಕು? ಆದರೂ ಒತ್ತಿತು. ಉಗುರು ಬೆಳ್ಳಗಾಯಿತು. ಸಾಕು ಎಂದರೂ ಬಿಡಲಿಲ್ಲ. ಲೋಕನಾಥ ಒಂದೊಂದೇ ಬೆರಳು ಬಿಡಿಸಬೇಕಾಯಿತು.

ಶರ್ವರಿ ಬಟ್ಟೆ ಬಿಚ್ಚಿಕೊಂಡು ನಮ್ಮನ್ನು ನೋಡಿದಳು. "ಯಾಕ, ಹಂಗ ನೋಡಲಿಕ್ಹತ್ತೀರಿ? ಕೆಳಗs ಮಾಡಿದ್ನೆಲ್ಲ."

ಅವಳು ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳು ಹೇಳುವವರ ಮುಖ ನನಗೆ ಚೆನ್ನಾಗಿ ಗೊತ್ತು. ಅವಳ ಹೆಬ್ಬೆರಳು ಕಾಡಿಗೆಯಿಂದ ಕಪ್ಪಾಗಿತ್ತು. ಅದನ್ನು ಅವಳು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ಲೋಕನಾಥ ನನ್ನನ್ನು ಹೊರಗೆ ಕರೆದು, ಕೈ ಗಾಳಿಯಲ್ಲಿ ತಡಕಾಡಿದ್ದನ್ನು ವೈನಿಗೂ ಹೇಳಬೇಡ, ಶರೂಗೂ ಹೇಳಬೇಡ ಎಂದ. ಮೇಲೆ ಒತ್ತಿದಳು ಎಂದಷ್ಟೇ ಅವರಿಗೆ ಹೇಳಿದೆವು. ಮತ್ತೆ ಪರೀಕ್ಷೆ ಮಾಡಿದೆವು. ಹೆಸರು ಹಿಡಿದು ಕೂಗಿದರೆ ಹೀಗಾಗುತ್ತದೆಯೇನೋ ಎಂದು ಲೋಕನಾಥ ಶರೂ ಎಂದು ಕೂಗಿದ, ನಾನೂ ಕೂಗಿದೆ. ಕೈ ಸರಿಯಾಗಿ ಕೆಳಗೆ ಒತ್ತಿತು. ವೈನಿ ಹೆಸರು ಬಿಟ್ಟು ಹೊಗೆ ಎಂದಷ್ಟೇ ಕೂಗಿದರೂ ಕೈ ಗಾಳಿಗೆ ಎದ್ದಿತು. ಹೆಸರಿನದ್ದಲ್ಲ, ದನಿಯದ್ದು. ಸ್ವಿಚ್ಚಿಗೆ ಕಾದು ಕೂತಾಗ ತಾಯಿಯ ದನಿ ಕೇಳಿದೊಡನೆ ಆ ಕೈ ಶರ್ವರಿಯದಾಗಿ ಉಳಿಯುತ್ತಿರಲಿಲ್ಲ. ಯಾರದಾಗುತ್ತಿತ್ತು ಎಂದು ಯೋಚಿಸಲು ನನಗೆ ಧೈರ್ಯವಾಗಲಿಲ್ಲ. ಆ ದಿನ ವಾಪಸು ಬರುವಾಗ ಕಾರಿನಲ್ಲಿ ಅವಳ ಪಕ್ಕ ಕೂರಲು ಹಿಂಜರಿದೆ. ಅದಕ್ಕೆ ನನಗೆ ನಾಚಿಕೆಯೂ ಆಯಿತು.

ಲೋಕನಾಥ ಒಂದು ಉಪಾಯ ತೆಗೆದ. ಸ್ವಿಚ್ಚುಗಳನ್ನು ತಲೆಕೆಳಗಾಗಿ ಕೂರಿಸಿ ಮನೆಯಂತೆಯೇ ಮಾಡಿಬಿಡುವುದು.

"ಬ್ಯಾಡ ಅಪ್ಪಾ" ಎಂದಳು ಶರ್ವರಿ. "ಇದೊಂದು ಹಿಂಗ, ಕಂಪನೀದು ಹಂಗ ಅಂದ್ರ ನಾ ಎಲ್ಲಾದ್ರಾಗೂ ತಪ್ಪತೀನಿ. ಅಲ್ಲಿ ನನ್ನ ಹಿಂದ ಮಂದಿ ಕೂತಿರ್ತಾರ."

ವೈನಿ ನಡುವೆ ಬಾಯಿ ಹಾಕಿದರು. "ಇಷ್ಟಕ್ಯಾಕ ತಲಿ ಕೆಡಿಸ್ಕೋತೀರಿ? ನಾ ಶೆಡ್ಡಿಗೆ ಬರೂದs ಬಿಡ್ತೀನಿ. ನಾ ಇಲ್ಲಂದ್ರ ಕೂಗೂದೂ ಇಲ್ಲ, ಕೇಳೂದೂ ಇಲ್ಲ."

ಅದು ಸರಿಯಾದ ಮಾತು ಎಂದು ನಾವೆಲ್ಲ ಒಪ್ಪಿದೆವು. ವೈನಿ ಬರುವುದು ನಿಂತಿತು. ಪರೀಕ್ಷೆಗಳೆಲ್ಲ ಸರಿಹೋದವು. ಲೋಕನಾಥ ಹಲಗೆಯ ಹಿಂದಿನ ವೈರುಗಳನ್ನು ಜೋಡಿಸಿ ಮುಗಿಸಿದ.

ಮೊದಲ ಸಲ ಬ್ಯಾಟರಿ ಜೋಡಿಸಿ ಎಲ್ಲ ದೀಪ ಹಚ್ಚಿ ನೋಡುವ ದಿನ ಬೆಳಿಗ್ಗೆ ನಾವು ಮೂವರೇ ಇದ್ದೆವು. ಶರ್ವರಿ ಒಳಗೆ ಕೂತಿದ್ದಳು. ಎಂಜಿನ್ನು ಚಾಲೂ ಇರಲಿಲ್ಲ. ಒಂದೊಂದೇ ಸ್ವಿಚ್ಚು ಹಾಕುತ್ತ ಬಂದಳು. ಎಲ್ಲಿ ವೈರು ಉಜ್ಜಿತ್ತೋ, ಹಲಗೆಯ ಹಿಂದಿನಿಂದ ಬಿಳಿಯ ಹೊಗೆ ಬುಸ್ಸೆಂದು ಬಂದು ಅವಳ ಮುಖಕ್ಕೆ ಬಡಿಯಿತು. ಯಾರೂ ಕೂಗಲಿಲ್ಲ. ಹೊಗೆಯೊಳಗಿಂದ ಅವಳ ಕೈ ಎದ್ದು ಮೇಲಕ್ಕೆ ಹೋದದ್ದು ಕಂಡಿತು. ಗಾಳಿಯಲ್ಲಿ ತಡಕಾಡಿತು. ಇಳಿಯಿತು. ಕಡ್ಡಿಯನ್ನು ಮೇಲಕ್ಕೆ ಒತ್ತಿ ಹಿಡಿಯಿತು. ಕಣ್ಣಿಗೆ ಬಟ್ಟೆ ಇರಲಿಲ್ಲ, ಕಣ್ಣು ತೆರೆದೇ ಇದ್ದವು. ಸುಟ್ಟ ರಬ್ಬರಿನ ನಾತ ಹೆಚ್ಚುತ್ತ ಹೋಯಿತು, ಅವಳು ಒತ್ತುತ್ತಲೇ ಇದ್ದಳು.

ಲೋಕನಾಥ ಓಡಿಹೋಗಿ ಬ್ಯಾಟರಿಯ ವೈರು ಕಿತ್ತ. ಅಂಗೈ ಸುಟ್ಟುಕೊಂಡ. ನಾನು ಶರ್ವರಿಯನ್ನು ತೋಳು ಹಿಡಿದು ಹೊರಗೆಳೆದೆ. ಕೆಮ್ಮಿ ಕೆಮ್ಮಿ ಸುಧಾರಿಸಿಕೊಂಡ ಮೇಲೆ ಅವಳು ಬಾಗಿಲ ಕಡೆ ನೋಡಿದಳು.

"ಅವ್ವ ಯಾವಾಗ ಬಂದ್ಲು ಕಾಕಾ?"

"ಅವ್ವ ಬಂದಿಲ್ಲಲ್ಲ."

"ಕೂಗಿದ್ಲಲ್ಲ ಈಗ. ಇಲ್ಲೇ, ನನ್ನ ಬೆನ್ನ ಹಿಂದ."

ನಾನು ಹೊರಗೆ ಹೋಗಿ ವೈನಿಗೆ ಫೋನು ಮಾಡಿದೆ. ಆ ಕಡೆ ಹೊಲಿಗೆ ಮಷಿನ್ನಿನ ಸದ್ದು ಕೇಳಿಸುತ್ತಿತ್ತು. "ಪೈಠಣಿ ಸೀರಿಗೆ ಫಾಲ್ ಹಚ್ಚಲಿಕ್ಹತ್ತೇನಿ ಭಾವಜೀ, ಯಾಕ?" ಎಂದರು. ಏನಿಲ್ಲ, ಸುಮ್ಮನೆ ಮಾಡಿದೆ ಎಂದೆ. ಫೋನು ಜೇಬಿಗಿಟ್ಟು ಅಲ್ಲೇ ನಿಂತೆ. ಸುತ್ತ ಬಿಸಿಲು ಬಿದ್ದಿತ್ತು, ದೂರದಲ್ಲಿ ಯಾರದೋ ಟ್ರ್ಯಾಕ್ಟರು ಓಡಾಡುತ್ತಿತ್ತು.

ಅಂದಿನಿಂದ ಆ ಮನೆಯ ಕಳೆ ಹೋಯಿತು. ವಿಮಾನವನ್ನು ಒಡೆದು ಗುಜರಿಗೆ ಹಾಕುತ್ತೇನೆ ಎಂದ ಲೋಕನಾಥ. ಅದನ್ನು ಒಡೆದರೆ ಏನು ಬಂತು? ಕೈ ಶರ್ವರಿಯ ಜೊತೆಗೇ ಇತ್ತು. ಅದೇ ಕೈಯಿಂದ ಅವಳು ಕಂಪನಿಯ ವಿಮಾನಗಳನ್ನು ಹಾರಿಸಬೇಕು. ಇಷ್ಟು ದಿನ ಆಕಾಶದಲ್ಲಿ ಹೊಗೆ ಬಂದಿರಲಿಲ್ಲ, ಅದಕ್ಕೇ ಬದುಕಿದ್ದಳು. ಆರಾಮಿಲ್ಲ ಎಂದು ಹೇಳಿ ರಜೆ ಹಾಕಿದಳು. ಕಿಟಕಿಯ ಹತ್ತಿರ ಕೂತು, ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿರುತ್ತಿದ್ದಳು.

ಎಲ್ಲಕ್ಕಿಂತ ನನಗೆ ತಡೆಯಲಾಗದೇ ಹೋದದ್ದು ವೈನಿಯ ಮೌನ. ಬೆನ್ನ ಹಿಂದೆ ಅವ್ವ ಕೂಗಿದಳೆಂದು ಮಗಳೇ ಹೇಳಿದ ಮೇಲೆ ಅವರು ಅವಳ ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟರು. ಊಟಕ್ಕಾಯಿತು ಎಂದರೆ ತಾಟಿನ ಮೇಲೆ ಸೌಟಿನಿಂದ ಬಡಿಯುತ್ತಿದ್ದರು. ಎದುರು ಮನೆಯಲ್ಲಿ ಕೂತು ಆ ಟಣ್ ಟಣ್ ಕೇಳಿದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ವಾಚ್‌ಮನ್ ಕೂಡ ಒಮ್ಮೆ ಮರಾಠಿಯಲ್ಲಿ ಕೇಳಿದ, ಅಮ್ಮಾವರು ಊರಿಗೆ ಹೋಗಿದ್ದಾರಾ ಎಂದು.

ಕೊನೆಗೆ ಒಂದು ದಿನ ನಾನು ಲೋಕನಾಥನ ಮಾತು ಮೀರಿದೆ. ಶರ್ವರಿ ಮಲಗಿದ್ದಳು. ಲೋಕನಾಥ ಅಂಗೈಗೆ ಪಟ್ಟಿ ಹಾಕಿಸಲು ದವಾಖಾನೆಗೆ ಹೋಗಿದ್ದ. ವೈನಿಯ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಆ ಕೈ ಮೊದಲು ಗಾಳಿಗೆ ಏಳುತ್ತದೆ, ಆಮೇಲೆ ಇಳಿದು ಒತ್ತುತ್ತದೆ ಎಂದು ಹೇಳಿದೆ.

ವೈನಿ ಸೌಟು ಕೆಳಗಿಟ್ಟರು. "ಹೆಂಗ ಏಳ್ತದ? ಮಾಡಿ ತೋರಸ್ರಿ."

ನಾನು ಕೈ ಎತ್ತಿದೆ. ಬೆರಳು ಸೆಟೆಸಿದೆ. ಹಿಮ್ಮಡಿಯೂ ಏಳುತ್ತದೆ ಎಂದು ತುದಿಗಾಲ ಮೇಲೆ ನಿಂತೆ. ಆ ವಯಸ್ಸಿನಲ್ಲಿ ನನ್ನನ್ನು ಹಾಗೆ ನೋಡಿ ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು. ವೈನಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

"ಅದು ಭವಾನಿ ಪೇಠದ ಖೋಲಿ ಭಾವಜೀ" ಎಂದರು.

ಮದುವೆಯಾದ ಹೊಸದರಲ್ಲಿ ಅವರು ಭವಾನಿ ಪೇಠೆಯ ಹಲವು ಸಂಸಾರಗಳಿದ್ದ ಒಂದು ಹಳೆಯ ವಾಡೆಯಲ್ಲಿ, ಒಂದೇ ಕೋಣೆಯ ಖೋಲಿಯಲ್ಲಿದ್ದರು. ಶರೂ ಆಗ ಬಾಲವಾಡಿಗೆ ಹೋಗುವ ಕೂಸು. ಲೋಕನಾಥ ಮೊದಲ ಪಾಳಿಗೆ ಹೋಗಿದ್ದ. ಬಕೆಟ್ಟಿನಲ್ಲಿ ಹೀಟರಿನ ರಾಡು ಬಿಟ್ಟು ನೀರು ಕಾಯಿಸುತ್ತಿದ್ದರು. ಕಾದಿತೇ ಎಂದು ವೈನಿ ಬಟನ್ ಬಂದ್ ಮಾಡದೆ ನೀರಿಗೆ ಬಲಗೈ ಬೆರಳು ಅದ್ದಿದರು. ಕರೆಂಟು ಹಿಡಿಯಿತು.

"ಬಿಡಲೊಲ್ದು ನೋಡ್ರಿ. ಕೈ ನಂದು, ಬರಲೊಲ್ದು. ಶರೂ ಅಂತ ಒದರಿದೆ. ಬಟನ್ ಬಂದ್ ಮಾಡವ್ವ ಅಂತ ಒದರಿದೆ. ಬೋರ್ಡು ಮ್ಯಾಲಿತ್ತು, ಅಕಿ ಕೈ ನಿಲಕಲೊಲ್ದು. ತುದಿಗಾಲ ಮ್ಯಾಲೆ ನಿಂತು, ಅಳಕೋತ, ತಡಕ್ಯಾಡಿ ತಡಕ್ಯಾಡಿ ಹೆಂಗೋ ಮ್ಯಾಲ ಒತ್ತಿದ್ಲು. ನಾ ಬಿದ್ದೆ. ಎಚ್ಚರಾದಾಗ ನೋಡ್ತೀನಿ, ಕೂಸು ಇನ್ನೂ ಬಟನ್ ಒತ್ತಿ ಹಿಡಕೊಂಡs ನಿಂತಿತ್ತು. ಬಿಡು ಅಂದ್ರ ಬಿಡಲೊಲ್ದು."

"ಲೋಕನಾಥನಿಗೆ ಹೇಳಲಿಲ್ವಾ?"

"ಬಟನ್ ಬಂದ್ ಮಾಡದ ನೀರು ಮುಟ್ಟಬ್ಯಾಡ ಅಂತ ದಿನಾ ಹೇಳಿ ಹೋಗ್ತಿದ್ರು. ಬೈತಾರಂತ ಹೇಳ್ಲಿಲ್ಲ. ಅಪ್ಪಗ ಹೇಳಬ್ಯಾಡ ಅಂತ ಕೂಸಿಗೂ ಹೇಳಿದೆ. ಅಕಿಗೆ ಜ್ವರ ಬಂತು, ಜ್ವರದಾಗ ಮರತಳು. ನಾ ಹಂಗs ತಿಳಕೊಂಡಿದ್ದೆ."

ಅಷ್ಟು ವರ್ಷ ಆ ಕೈ ಮಗುವನ್ನು ಒಂಟಿಯಾಗಿ ಆ ಖೋಲಿಯಲ್ಲಿ ನಿಲ್ಲಿಸಿಕೊಂಡು ಬಂದಿತ್ತು. ನಾವು ಅದು ಮಗಳನ್ನು ಕೊಲ್ಲುತ್ತದೆ ಎಂದು ಹೆದರಿದ್ದೆವು. ಅದು ತಾಯಿಯನ್ನು ಬದುಕಿಸುತ್ತಿತ್ತು. ತಾಯಿ ಕೂಗಿದಾಗಲೂ ಹೊಗೆ ಬಂದಾಗಲೂ ಅದಕ್ಕೆ ಕಾಣುತ್ತಿದ್ದದ್ದು ಬಕೆಟ್ಟಿಗೆ ಅಂಟಿಕೊಂಡ ಅವ್ವ.

ಮರುದಿನ ವೈನಿ ಲೋಕನಾಥನಿಗೆ ಎಲ್ಲ ಹೇಳಿದರು. ಅವನು ಬೈಯಲಿಲ್ಲ. ಶರ್ವರಿಗೂ ಹೇಳಿದರು. ತನಗೆ ಏನೂ ನೆನಪಾಗುತ್ತಿಲ್ಲ ಎಂದಳು ಅವಳು, ಕಥೆ ಬೇರೆ ಯಾರದೋ ಎಂಬಂತೆ ಕೇಳಿಸಿಕೊಂಡಳು. ಗೊತ್ತಾದ ಮೇಲೆ ಸರಿಹೋಗಿರಬೇಕು ಎಂದು ಲೋಕನಾಥ ಶೆಡ್ಡಿನಲ್ಲಿ ಮತ್ತೆ ಪರೀಕ್ಷಿಸಿದ. ಏನೂ ಬದಲಾಗಿರಲಿಲ್ಲ. ಹೇಳಿದ್ದು ಅವಳ ಕಿವಿಗೆ ಹೋಗಿತ್ತು, ಕೈಗೆ ಹೋಗಿರಲಿಲ್ಲ.

"ಸರೀರಿ ಅತ್ಲಾಗ" ಎಂದು ವೈನಿ ಸೆರಗು ಸಿಕ್ಕಿಸಿಕೊಂಡು, ರೆಕ್ಕೆಯ ಗಟ್ಟಿಯಾದ ಬುಡದ ಮೇಲೆ ಕಾಲಿಟ್ಟು, ವಿಮಾನದ ಇನ್ನೊಂದು ಸೀಟಿಗೆ ಹತ್ತಿದರು. ತಾವೇ ಹೊಲಿದ ರೆಕ್ಕೆ ಕಾಲ ಕೆಳಗೆ ಕಿರ್ ಎಂದಿತು. ಮಗಳ ಕಣ್ಣಿಗೆ ತಾವೇ ಬಟ್ಟೆ ಕಟ್ಟಿದರು. ನಾವು ಪಕ್ಕಕ್ಕೆ ಸರಿದು ನಿಂತೆವು. ಸ್ವಲ್ಪ ಹೊತ್ತು ತಗಡು ಬಿಸಿಲಿಗೆ ಚಟಪಟ ಎನ್ನುವುದಷ್ಟೇ ಕೇಳಿಸುತ್ತಿತ್ತು.

ಆಮೇಲೆ ವೈನಿ ಕೂಗಿದರು. ಆ ದನಿಯನ್ನು ನಾನು ಅವರ ಬಾಯಲ್ಲಿ ಅದಕ್ಕೆ ಮೊದಲು ಕೇಳಿರಲಿಲ್ಲ. ಅದು ವಯಸ್ಸಾದ ಹೆಂಗಸಿನ ದನಿಯಾಗಿರಲಿಲ್ಲ.

"ಶರೂ, ಬಟನ್ ಬಂದ್ ಮಾಡವ್ವ!"

ಕೈ ಎದ್ದಿತು. ಹಿಮ್ಮಡಿ ಎದ್ದವು. ಬೆರಳು ಗಾಳಿಯನ್ನು ಕೆರೆದವು. ಆಗ ಶರ್ವರಿ ಮಾತಾಡಿದಳು. ಸಣ್ಣ, ಕೀರಲು ದನಿ, ಮೂಗಿನಲ್ಲಿ ಅಳು ತುಂಬಿದ ದನಿ.

"ನಿಲಕಲೊಲ್ದು ಅವ್ವಾ."

ಲೋಕನಾಥ ನನ್ನ ತೋಳನ್ನು ಹಿಡಿದ. ಕೈ ಇಳಿಯಿತು, ಕಡ್ಡಿಯನ್ನು ಮೇಲಕ್ಕೆ ಒತ್ತಿತು, ಒತ್ತಿ ಹಿಡಿಯಿತು. ವೈನಿ ಆ ಕೈಯ ಮೇಲೆ ತಮ್ಮ ಕೈಯಿಟ್ಟರು. ಎಳೆಯಲಿಲ್ಲ, ಬಿಡಿಸಲಿಲ್ಲ.

"ಆತವ್ವ. ಬಂದ್ ಆತು. ನನ್ನ ಬಿಟ್ಟದ ನೋಡು. ಶಾಣ್ಯಾಕಿ ನನ್ನ ಶರೂ. ಬಿಡು ಇನ್ನ."

"ಬಿಟ್ರ ಮತ್ತ ಹಿಡಿತದ."

"ಹಿಡಿಯಂಗಿಲ್ಲ."

"ಹಿಡಿತದ ಅವ್ವಾ."

ವೈನಿ ಮಗಳ ಕೈ ಸವರಿದರು. ಆಮೇಲೆ ಬಹಳ ಮೆಲ್ಲಗೆ, ಮಗುವನ್ನು ಮಲಗಿಸುವ ದನಿಯಲ್ಲಿ ಹೇಳಿದರು. "ಹಿಡದ್ರೂ ಹಿಡೀಲಿ. ನೀ ಬರಬ್ಯಾಡ. ಅದು ನನ್ನ ಕೈ, ನಾ ನೋಡ್ಕೋತೀನಿ. ನಿನ್ನ ಕೈ ನೀ ನೋಡ್ಕೊ. ನಾ ಒದರಿದ್ರೂ ಬರಬ್ಯಾಡ ಶರೂ."

ಎಷ್ಟು ಹೊತ್ತು ಹಾಗೆ ಕೂತಿದ್ದರೋ ಗೊತ್ತಿಲ್ಲ. ಬೆರಳುಗಳು ಸಡಿಲವಾದವು. ಕೈ ಕಡ್ಡಿಯಿಂದ ಜಾರಿ ತೊಡೆಯ ಮೇಲೆ ಬಿತ್ತು. ಶರ್ವರಿ ಕಣ್ಣಿನ ಬಟ್ಟೆ ಬಿಚ್ಚದೆ ಅತ್ತಳು. ಈ ಸಲ ಅಳು ಅವಳದೇ ಆಗಿತ್ತು, ದೊಡ್ಡವಳದು.

ವೈನಿಯನ್ನು ಇಳಿಸಲು ನಾನು ಕೈ ಕೊಟ್ಟೆ. ಅವರ ಬಲಗೈ ಬೆರಳುಗಳು ತೊಯ್ದಿದ್ದವು, ಬೆಚ್ಚಗಿದ್ದವು, ತುದಿಯಿಂದ ಹನಿ ಬೀಳುವಷ್ಟು. ಎಡಗೈ ಒಣಗಿತ್ತು. ಬೆವರು ಎಂದ ಲೋಕನಾಥ. ತಗಡಿನ ಶೆಡ್ಡು, ಬೇಸಿಗೆ, ಬೆವರೇ ಇರಬೇಕು ಎಂದೆ ನಾನೂ. ವೈನಿ ಸೆರಗಿಗೆ ಒರೆಸಿಕೊಂಡರು.

ಆಮೇಲೆ ಬಾಗಿಲಿಗೆ ಹೋಗಿ ಮತ್ತೆ ಕೂಗಿದರು, ಅದೇ ದನಿಯಲ್ಲಿ, ಅದೇ ಮಾತು. ಶರ್ವರಿಯ ಕೈ ತೊಡೆಯಿಂದ ನೇರ ಹಲಗೆಗೆ ಹೋಯಿತು. ಟಕ್ ಎಂದು ಕೆಳಗೆ ಒತ್ತಿತು. ಹೆಬ್ಬೆರಳಿಗೆ ಮಸಿ ಇರಲಿಲ್ಲ.

ಅನುಮತಿಯ ಕಾಗದಪತ್ರ ಎಂದು ಸರಕಾರದವರು ಅಲೆಸಿದ್ದನ್ನು ಬರೆಯಲು ಹೋದರೆ ನನಗೆ ಸಿಟ್ಟೇ ಬರುತ್ತದೆ, ಬಿಡಿ. ಅಂತೂ ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ, ಇಂಥದ್ದಕ್ಕೆಂದೇ ಇರುವ ಒಂದು ಸಣ್ಣ ರನ್‌ವೇಯ ಪಕ್ಕ ನಾವು ನಿಂತಿದ್ದೆವು. ಶರ್ವರಿ ಒಳಗೆ ಕೂತು ಸ್ವಿಚ್ಚುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದಳು. ಗಾಜಿನ ಮುಚ್ಚಳ ಇನ್ನೂ ತೆರೆದಿತ್ತು, ಎಂಜಿನ್ನು ಚಾಲೂ ಆಗಿರಲಿಲ್ಲ. ವೈನಿಯ ಬಾಯಿಂದ ಅವರಿಗೇ ಗೊತ್ತಿಲ್ಲದೆ ಬಂದುಬಿಟ್ಟಿತು.

"ಶರೂ!"

ಅಷ್ಟು ಹತ್ತಿರದಿಂದ, ಮೂರನೇ ಮಹಡಿಯಿಂದ ಗೇಟಿಗೆ ಕೇಳಿಸುವ ಆ ದನಿಯಲ್ಲಿ. ಲೋಕನಾಥ ಕಣ್ಣು ಮುಚ್ಚಿಕೊಂಡ. ಶರ್ವರಿಯ ಕೈ ಏಳಲಿಲ್ಲ. ತಲೆಯೂ ಏಳಲಿಲ್ಲ. ಕೆಲಸ ಮುಗಿಸಿ, ಮುಚ್ಚಳ ಎಳೆದುಕೊಂಡು, ಎಂಜಿನ್ನು ಚಾಲೂ ಮಾಡಿ ಹೊರಟಳು.

ವಿಮಾನ ಓಡಿತು, ನೆಲ ಬಿಟ್ಟಿತು, ಗುಡ್ಡದ ಮೇಲೆ ಸುತ್ತು ಹಾಕಿ ನೆಟ್ಟಗೆ ಬಂದು ಇಳಿಯಿತು. ಲೋಕನಾಥ ಎಳೆಯ ಹುಡುಗನಂತೆ ಅದರ ಕಡೆಗೆ ಓಡಿದ. ಶರ್ವರಿ ಇಳಿದು ಅಪ್ಪನ ಜೊತೆ ಎಂಜಿನ್ನಿನ ಮುಚ್ಚಳ ತೆಗೆದು ಏನೋ ತೋರಿಸುತ್ತ ನಿಂತಳು. ಇಬ್ಬರೂ ನಗುತ್ತಿದ್ದರು. ನಮ್ಮ ಕಡೆ ತಿರುಗಿ ನೋಡಲಿಲ್ಲ.

ವೈನಿ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡರು. ಮುಖದಲ್ಲಿ ನಗೆಯೂ ಇತ್ತು.

"ನೋಡಿದ್ರಿಲ್ಲ ಭಾವಜೀ, ಒದರಿದ್ರೂ ಬರ್ಲಿಲ್ಲ ಅಕಿ" ಎಂದರು. "ಇನ್ಮ್ಯಾಲೆ ನನಗ ಕರೆಂಟ್ ಹಿಡದ್ರ ನೀವs ಬಂದು ಬಟನ್ ಬಂದ್ ಮಾಡಬೇಕು."

"ಮಾಡ್ತೀನ್ರಿ ವೈನಿ" ಎಂದೆ.